ಹೊಟ್ಟಿ ವಿಷಯಕ್ಕ ಇನ್ಶೂರನ್ಸ್ ಬರ್ತದೇನ್ರೀ?

“ಅಕ್ಕಾರ, ಇದಕ್ಕ ಇನ್ಶೂರನ್ಸ್ ಬರ್ತದೇನ್ರೀ?”

ಹುಬ್ಬಳ್ಳಿಯ ಖಾಸಗಿ ಆಸ್ಪತ್ರೆಯೊಂದರ ಇನ್ಶೂರನ್ಸ್ ಕೌಂಟರಿನಲ್ಲಿ ಕೂರುವ ನನಗೆ ಇದು ದಿನದ ಪ್ರಶ್ನೆ. ಕೇಳುವವರು ದನಿ ತಗ್ಗಿಸಿರುತ್ತಾರೆ. ‘ಇದು’ ಅಂದರೆ ಹೆರಿಗೆಯೋ, ಬಸಿರು ತಾನಾಗಿ ಹೋದದ್ದೋ, ತೆಗೆಸಿಕೊಳ್ಳುವುದೋ, ಮಕ್ಕಳಾಗದ ಆಪರೇಷನ್ನೋ, ಮಕ್ಕಳಾಗಲೆಂದು ಮಾಡಿಸುವ ಟ್ರೀಟ್‌ಮೆಂಟೋ, ಗರ್ಭಕೋಶದ ಗಡ್ಡೆಯೋ, ಒಂದೊಂದಾಗಿ ನಾನೇ ಬಿಡಿಸಿ ಕೇಳಬೇಕು. ನಮ್ಮ ಕಡೆ ಇವೆಲ್ಲಕ್ಕೂ ‘ಇದು’ ಎಂಬ ಒಂದೇ ಶಬ್ದ ಸಾಕು. ಇನ್ಶೂರನ್ಸ್ ಕಂಪನಿಗೆ ಸಾಕಾಗುವುದಿಲ್ಲ. ಅಲ್ಲಿ ಒಂದೊಂದಕ್ಕೂ ಬೇರೆ ಕಲಮು, ಬೇರೆ ಉತ್ತರ. ಆದ್ದರಿಂದ ಆಸ್ಪತ್ರೆಯ ಮೆಟ್ಟಿಲು ಹತ್ತುವ ಮೊದಲೇ ಮನೆಯಲ್ಲಿ ಕೂತು ನೋಡಿಕೊಳ್ಳಬೇಕಾದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು: ನಿಮ್ಮ ಹತ್ತಿರ ಯಾವ ಕಾರ್ಡ್ ಇದೆ?

“ನಮಗ ಯಾವ ಇನ್ಶೂರನ್ಸೂ ಇಲ್ರೀ” ಅನ್ನುವ ಹತ್ತು ಮಂದಿಯಲ್ಲಿ ಕೆಲವರಿಗಾದರೂ ಇರುತ್ತದೆ, ಗೊತ್ತಿರುವುದಿಲ್ಲ. ಗೋಕುಲ ರಸ್ತೆ, ತಾರಿಹಾಳ, ಬೇಲೂರು ಕೈಗಾರಿಕಾ ಪ್ರದೇಶದ ಫ್ಯಾಕ್ಟರಿಗಳಲ್ಲೋ ದೊಡ್ಡ ಅಂಗಡಿಯಲ್ಲೋ ಕೆಲಸ ಮಾಡುವವರು ಮೊದಲು ಪಗಾರದ ಚೀಟಿ ತೆಗೆದು ನೋಡಿ. ಶೇ 0.75 ಇಎಸ್‌ಐ (ನೌಕರರ ರಾಜ್ಯ ವಿಮೆ) ಎಂದು ಮುರಿದಿದ್ದರೆ, ಅಂದರೆ 14,000 ಪಗಾರಕ್ಕೆ 105 ರೂಪಾಯಿ, ನಿಮಗೆ ಇಎಸ್‌ಐ ಇದೆ. ತಿಂಗಳಿಗೆ 21,000 ರೂಪಾಯಿವರೆಗೆ ಪಗಾರ ಇರುವವರು ಇದರೊಳಗೆ ಬರುತ್ತಾರೆ. ಮಾಲೀಕರು ಶೇ 3.25 ತುಂಬುತ್ತಾರೆ. ಇಎಸ್‌ಐನಲ್ಲಿ ಹೆರಿಗೆಗೂ ಕಾನೂನುಬದ್ಧ ಗರ್ಭಪಾತಕ್ಕೂ ಕಾಯುವ ಅವಧಿ (ಪಾಲಿಸಿ ಕೊಂಡ ಮೇಲೆ ಇಷ್ಟು ಕಾಲ ಕ್ಲೇಮ್ ಇಲ್ಲ ಅನ್ನುವುದು), ಉಪಮಿತಿ (ಒಟ್ಟು ಮೊತ್ತದೊಳಗೆ ಬೇರೆ ಸಣ್ಣ ಮಿತಿ) ಅಂತ ಖಾಸಗಿ ಪಾಲಿಸಿಯ ಕಿರಿಕಿರಿಗಳಿಲ್ಲ. ಹುಬ್ಬಳ್ಳಿಯಲ್ಲಿ ಇಎಸ್‌ಐ ಆಸ್ಪತ್ರೆಯೇ ಇದೆ. ಕೆಲಸಗಾರನ ಹೆಂಡತಿಗೂ ಚಿಕಿತ್ಸೆ ಸಿಗುತ್ತದೆ.

ಬಿಪಿಎಲ್ ಕಾರ್ಡ್ ಇದ್ದ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ಇದನ್ನು ತಪ್ಪಾಗಿ ತಿಳಿದವರೇ ಹೆಚ್ಚು. ಕಾರ್ಡ್ ಹಿಡಿದು ನೇರವಾಗಿ ಖಾಸಗಿ ಆಸ್ಪತ್ರೆಗೆ ಬಂದು ಹೆರಿಗೆ ಮಾಡಿಸಿಕೊಂಡು ಬಿಲ್ಲಿನ ಹೊತ್ತಿಗೆ ಕಾರ್ಡ್ ತೋರಿಸುತ್ತಾರೆ. ಆ ಯೋಜನೆ ಹಾಗೆ ನಡೆಯುವುದಿಲ್ಲ. ಮೊದಲು ಸರ್ಕಾರಿ ಆಸ್ಪತ್ರೆ. ಅಲ್ಲಿ ಆಗದ್ದಕ್ಕೆ ಅವರು ರೆಫರಲ್ ಚೀಟಿ ಕೊಟ್ಟರೆ ಮುಂದಿನ ಆಸ್ಪತ್ರೆ. ತುರ್ತು ಪರಿಸ್ಥಿತಿಗೆ ಮಾತ್ರ ಈ ಚೀಟಿ ಬೇಕಿಲ್ಲ. ಆಸ್ಪತ್ರೆಯಲ್ಲಿ ಈ ಯೋಜನೆಯ ಸಹಾಯಕ್ಕೆ ಇರುವ ಆರೋಗ್ಯಮಿತ್ರರನ್ನು “ನಮ್ಮ ಕೇಸಿಗೆ ಪ್ಯಾಕೇಜ್ ಇದೆಯೇ, ಇದೇ ಆಸ್ಪತ್ರೆಯಲ್ಲಿ ನಡೆಯುತ್ತದೆಯೇ” ಎಂದು ಭರ್ತಿಯಾಗುವ ಮೊದಲೇ ಕೇಳಿ. 104ಕ್ಕೆ ಫೋನ್ ಮಾಡಿಯೂ ವಿಚಾರಿಸಬಹುದು.

ಗದಗ, ಹಾವೇರಿ ಹಳ್ಳಿಗಳ ಕಡೆ ಸಹಕಾರಿ ಸೊಸೈಟಿಯ ಸದಸ್ಯರಾಗಿದ್ದರೆ ಸರ್ಕಾರದ ಯಶಸ್ವಿನಿ ಆರೋಗ್ಯ ಯೋಜನೆ ಇರಬಹುದು. ಅದು ವರ್ಷವರ್ಷ ಹೊಸದಾಗಿ ಹೆಸರು ಹಚ್ಚಿಸಬೇಕಾದ ಯೋಜನೆ. ಹೋದ ವರ್ಷದ ಕಾರ್ಡ್ ಈ ವರ್ಷ ನಡೆಯುವುದಿಲ್ಲ. ರೈಲ್ವೆಯವರಿಗೆ ಅವರದೇ ಆಸ್ಪತ್ರೆ, ಅವರದೇ ಕಾರ್ಡ್. ಅವರು ನನ್ನ ಕೌಂಟರಿಗೆ ಬರುವುದು ಅಪರೂಪ.

ಇದಾವುದೂ ಇಲ್ಲದಿದ್ದರೂ ಸರ್ಕಾರಿ ಆಸ್ಪತ್ರೆ ಇದ್ದೇ ಇದೆ. 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ತಪಾಸಣೆ, ಊಟ, ಬಂದುಹೋಗುವ ವಾಹನ ಎಲ್ಲ ಉಚಿತ. ಹುಬ್ಬಳ್ಳಿಯ ಕಿಮ್ಸ್ (ಈಗ ಕೆಎಂಸಿಆರ್‌ಐ), ಚಿಟಗುಪ್ಪಿ ಆಸ್ಪತ್ರೆ, ಧಾರವಾಡದ ಜಿಲ್ಲಾಸ್ಪತ್ರೆ, ಗದಗಿನ ಜಿಮ್ಸ್, ಹಾವೇರಿಯ ಹಿಮ್ಸ್, ಇವುಗಳಲ್ಲಿ ಹತ್ತಿರದ್ದು ಯಾವುದೋ ಅಲ್ಲಿಗೆ ಹೋಗಿ. ಗರ್ಭಪಾತಕ್ಕೂ ಅಷ್ಟೇ: ಸರ್ಕಾರಿ ಆಸ್ಪತ್ರೆಯನ್ನು ಕಾನೂನೇ ಮಾನ್ಯ ಜಾಗವೆಂದು ಒಪ್ಪಿದೆ. ಖಾಸಗಿ ಪಾಲಿಸಿ ಇದ್ದೂ ಅಲ್ಲಿಗೆ ಹೋಗುವುದೇ ಜಾಣತನ ಅನ್ನಿಸುವ ಸಂದರ್ಭವೊಂದಿದೆ. ಅದನ್ನು ಮುಂದೆ ಹೇಳುತ್ತೇನೆ.

ಆಮೇಲೆ: ಪಾಲಿಸಿಯಲ್ಲಿ ಮೂರು ಕಡೆ ಬೆರಳಿಡಿ

ಖಾಸಗಿ ಪಾಲಿಸಿ ಅಥವಾ ಕಂಪನಿಯ ಗ್ರೂಪ್ ಪಾಲಿಸಿ ಇದ್ದವರು ಏಜೆಂಟ್ ಕೊಟ್ಟ ಬಣ್ಣದ ಹಾಳೆಯನ್ನು ಪಕ್ಕಕ್ಕಿಡಿ. ಅದರಲ್ಲಿ ನಗುವ ತಾಯಿ-ಮಗುವಿನ ಫೋಟೋ ಇರುತ್ತದೆ, ಒಳಗೆ ಮ್ಯಾಟರ್ನಿಟಿ, ಅಂದರೆ ಹೆರಿಗೆ ಖರ್ಚಿನ ಕವರ್, ಇರಲಿಕ್ಕಿಲ್ಲ. ಪೂರ್ತಿ ಪಾಲಿಸಿಯ ಪಿಡಿಎಫ್ ತೆಗೆಯಿರಿ.

ಹೊರತುಪಡಿಸಿದ ಖರ್ಚುಗಳ ಪಟ್ಟಿಯಲ್ಲಿ 17 ಮತ್ತು 18ನೇ ಕೋಡ್ ಹುಡುಕಿ. ಈ ಮಾತುಗಳನ್ನು ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಎಲ್ಲ ಕಂಪನಿಗೂ ಒಂದೇ ನಮೂನೆ ಮಾಡಿದೆ. ಯಾವ ಕಂಪನಿಯ ಪಾಲಿಸಿ ತೆರೆದರೂ ಇದೇ ನಂಬರು. 17ರಲ್ಲಿರುವುದು ಬಂಜೆತನದ ಚಿಕಿತ್ಸೆ, ಐವಿಎಫ್, ಬಾಡಿಗೆ ತಾಯ್ತನ, ಗರ್ಭನಿರೋಧಕ, ಸಂತಾನಹರಣ ಶಸ್ತ್ರಚಿಕಿತ್ಸೆ. 18ರಲ್ಲಿರುವುದು ಹೆರಿಗೆ, ಸಿಸೇರಿಯನ್, ಗರ್ಭಸ್ರಾವ, ಕಾನೂನುಬದ್ಧ ಗರ್ಭಪಾತ. ಮ್ಯಾಟರ್ನಿಟಿ ಕವರ್ ಇಲ್ಲದ ಪಾಲಿಸಿಯಲ್ಲಿ ಈ ಎರಡೂ ಬಾಗಿಲು ಬಂದ್.

18ನೇ ಕೋಡಿನಲ್ಲಿ ಎರಡು ಕಿಂಡಿ ಬಿಟ್ಟಿದ್ದಾರೆ. ಅಪಘಾತದಿಂದಾದ ಗರ್ಭಸ್ರಾವ ಒಂದು. ಗರ್ಭಕೋಶದ ಹೊರಗೆ, ಸಾಮಾನ್ಯವಾಗಿ ನಳಿಕೆಯಲ್ಲಿ, ಬಸಿರು ನಿಲ್ಲುವ ಎಕ್ಟೋಪಿಕ್ ಇನ್ನೊಂದು. ಇವೆರಡಕ್ಕೆ ಮ್ಯಾಟರ್ನಿಟಿ ಕವರ್ ಬೇಕಿಲ್ಲ, ಮಾಮೂಲಿ ಪಾಲಿಸಿಯಲ್ಲೇ ದುಡ್ಡು ಬರಬೇಕು.

‘ಬರಬೇಕು’ ಅಂದದ್ದಕ್ಕೆ ಕಾರಣ ಇದೆ. ನಮ್ಮಲ್ಲೊಬ್ಬರು ರಾತ್ರಿ ಹನ್ನೊಂದರ ಸುಮಾರಿಗೆ ಹೊಟ್ಟೆನೋವೆಂದು ಬಂದು ತುರ್ತಾಗಿ ಆಪರೇಷನ್ ಆಯಿತು. ನಳಿಕೆ ಒಡೆದಿತ್ತು. ಮರುದಿನ ನಗದುರಹಿತ (ಬಿಲ್ಲನ್ನು ಕಂಪನಿಯೇ ನೇರವಾಗಿ ಆಸ್ಪತ್ರೆಗೆ ಕಟ್ಟುವ) ಅರ್ಜಿಗೆ ಬಂದ ಉತ್ತರ ಒಂದೇ ಸಾಲು: ಮ್ಯಾಟರ್ನಿಟಿ, ಕವರ್ ಇಲ್ಲ, ತಿರಸ್ಕೃತ. ನಾವು ಕಳಿಸಿದ ಫಾರ್ಮಿನ ರೋಗದ ಕಾಲಂನಲ್ಲಿ ಕಿರಿಯ ಡಾಕ್ಟರು ಗಡಿಬಿಡಿಯಲ್ಲಿ ‘ಗರ್ಭಿಣಿ, 7 ವಾರ, ಹೊಟ್ಟೆನೋವು’ ಎಂದಷ್ಟೇ ಬರೆದಿದ್ದರು. ಅದನ್ನು ಓದಿದವರು ‘ಗರ್ಭಿಣಿ’ಯಲ್ಲೇ ನಿಂತಿರಬೇಕು. ತಪ್ಪು ನಮ್ಮ ಕಡೆಯೂ ಇತ್ತು, ಒಪ್ಪುತ್ತೇನೆ. ಸ್ಕ್ಯಾನ್ ರಿಪೋರ್ಟ್, ಆಪರೇಷನ್ ನೋಟ್ಸ್, ಆಮೇಲೆ ಬಂದ ಬಯಾಪ್ಸಿ ರಿಪೋರ್ಟ್ ಮೂರನ್ನೂ ಜೋಡಿಸಿ, 18ನೇ ಕೋಡಿನ ಆ ಒಂದು ವಾಕ್ಯಕ್ಕೆ ಹಳದಿ ಬಣ್ಣ ಬಳಿದು ಮತ್ತೆ ಕಳಿಸಿದೆವು. ಹಣ ಬಂತು. ಆದರೆ ಅಷ್ಟರಲ್ಲಿ ಆ ಮನೆಯವರು ಬಂಗಾರ ಗಿರವಿ ಇಟ್ಟಾಗಿತ್ತು. ಅಂದಿನಿಂದ ಫಾರ್ಮಿನಲ್ಲಿ ರೋಗದ ಹೆಸರು ಪೂರ್ತಿ ಬರೆಯದೆ ನಾನು ಸೀಲು ಹಾಕುವುದಿಲ್ಲ. ನಿಮ್ಮ ಆಸ್ಪತ್ರೆಯ ಕೌಂಟರಿನವರು ಕಳಿಸುವ ಮೊದಲು “ಏನಂತ ಬರದೀರಿ, ತೋರ್ಸ್ರಿ” ಅನ್ನಲು ಸಂಕೋಚ ಬೇಡ.

ಬೆರಳಿಡಬೇಕಾದ ಎರಡನೇ ಜಾಗ, ಮ್ಯಾಟರ್ನಿಟಿ ಕವರಿನ ವ್ಯಾಖ್ಯೆ. ಪ್ರಾಧಿಕಾರದ ನಮೂನೆಯಲ್ಲಿ ಹೆರಿಗೆಯ ಖರ್ಚಿನ ಜೊತೆಗೇ ಕಾನೂನುಬದ್ಧ ಗರ್ಭಪಾತದ ಖರ್ಚೂ ಸೇರಿದೆ. ಮ್ಯಾಟರ್ನಿಟಿ ಅಂದರೆ ತೊಟ್ಟಿಲು, ಕುಲಾವಿ ಮಾತ್ರ ಅಂದುಕೊಂಡ ಮಂದಿಗೆ ಇದು ಗೊತ್ತೇ ಇಲ್ಲ. ಮ್ಯಾಟರ್ನಿಟಿ ಇದ್ದವರೂ ಗರ್ಭಪಾತಕ್ಕೆ ಕ್ಲೇಮೇ ಹಾಕದೆ ಕೈಯಿಂದ ಕಟ್ಟಿ ಹೋಗಿದ್ದನ್ನು ನೋಡಿದ್ದೇನೆ.

ಮೂರನೆಯದು ಆ ಕವರಿನ ಷರತ್ತುಗಳು. ಸ್ವಂತ ಪಾಲಿಸಿಯಲ್ಲಿ ಮ್ಯಾಟರ್ನಿಟಿಗೆ ಎರಡರಿಂದ ನಾಲ್ಕು ವರ್ಷ ಕಾಯಿಸುವುದು ಸಾಮಾನ್ಯ, ಕೆಲವು ಕಂಪನಿಗಳು ಒಂಬತ್ತು ತಿಂಗಳಿಗೆ ಇಳಿಸಿವೆ. ಬಸಿರಾದ ಮೇಲೆ ಪಾಲಿಸಿ ಕೊಂಡರೆ ಈ ಬಸಿರಿಗೆ ಉಪಯೋಗವಿಲ್ಲ. “ಮಾಡಿಸ್ರಿ, ಏನಾರ ಮಾಡೂಣು” ಅನ್ನುವ ಏಜೆಂಟನ ಮಾತಿಗೆ ಮರುಳಾಗಬೇಡಿ. ಗ್ರೂಪ್ ಪಾಲಿಸಿಯಲ್ಲಿ ಈ ಕಾಯುವಿಕೆಯನ್ನು ಬಹಳ ಸಲ ತೆಗೆದಿರುತ್ತಾರೆ. ಪಾಲಿಸಿ 5 ಲಕ್ಷದ್ದಿದ್ದರೂ ಮ್ಯಾಟರ್ನಿಟಿಗೆ ಬೇರೆ ಸಣ್ಣ ಮಿತಿ ಇರುತ್ತದೆ. ಸ್ವಂತ ಪಾಲಿಸಿಗಳಲ್ಲಿ ಗಂಡ-ಹೆಂಡತಿ ಇಬ್ಬರೂ ಇದ್ದರಷ್ಟೇ ಮ್ಯಾಟರ್ನಿಟಿ ಎಂಬ ಷರತ್ತೂ ಎಷ್ಟೋ ಕಡೆ ಇದೆ. ಮದುವೆಯಾಗದವರಿಗೆ ಅಲ್ಲಿಗೇ ಮುಗಿಯಿತು.

ನನಗೆ ಸಿಟ್ಟು ಬರಿಸುವ ಷರತ್ತು ಎರಡು. ‘ಈಗಾಗಲೇ ಇಬ್ಬರು ಮಕ್ಕಳಿದ್ದರೆ ಮ್ಯಾಟರ್ನಿಟಿ ಇಲ್ಲ’ ಎಂಬುದು ಮೊದಲನೆಯದು. ಎರಡು ಮಕ್ಕಳಾದ ಮೇಲೆ ಮೂರನೆಯದು ನಿಂತಿತು, ಬೇಡ ಎಂದು ಬರುವ ಹೆಣ್ಣುಮಕ್ಕಳೇ ನಮ್ಮಲ್ಲಿ ಹೆಚ್ಚು. ಈ ಷರತ್ತು ಅವರನ್ನೇ ಹೊರಗಿಡುತ್ತದೆ. ಗ್ರೂಪ್ ಪಾಲಿಸಿಗಳ ಹಳೆಯ ನಮೂನೆಯಲ್ಲಿರುವ ಇನ್ನೊಂದು ಸಾಲು: ಬಸಿರು ನಿಂತು ಮೊದಲ 12 ವಾರದೊಳಗೆ ಸ್ವಇಚ್ಛೆಯಿಂದ ಮಾಡಿಸಿಕೊಂಡ ಗರ್ಭಪಾತಕ್ಕೆ ಹಣವಿಲ್ಲ. ಡಾಕ್ಟರುಗಳು ಬೇಗ ಬನ್ನಿ, ಬೇಗ ಬಂದಷ್ಟೂ ಸಲೀಸು ಅನ್ನುತ್ತಾರೆ, ಪಾಲಿಸಿ ಬೇಗ ಬಂದವರಿಗೇ ಇಲ್ಲ ಅನ್ನುತ್ತದೆ. ನಿಮ್ಮ ಪಾಲಿಸಿಯಲ್ಲಿ ಈ ಸಾಲು ಇದ್ದರೂ ಕ್ಲೇಮಿನ ಆಸೆಗೆ ವಾರ ತಳ್ಳಬೇಡಿ. ದುಡ್ಡು ಹೋದರೆ ಹೋಗಲಿ.

ಮಾತ್ರೆಯಿಂದ ಆಗುವ ಗರ್ಭಪಾತಕ್ಕೆ ಭರ್ತಿಯಾಗುವುದೇ ಇಲ್ಲವಲ್ಲ, ಒಪಿಡಿ (ಭರ್ತಿಯಾಗದೆ ಪಡೆಯುವ ಚಿಕಿತ್ಸೆಯ) ಕವರ್ ಇಲ್ಲದಿದ್ದರೆ ಅದಕ್ಕೆ ಕ್ಲೇಮ್ ಇಲ್ಲ. ಒಂದು ದಿನದಲ್ಲಿ ಮುಗಿಯುವ ಡಿ ಅಂಡ್ ಸಿ (ಗರ್ಭಕೋಶ ಸ್ವಚ್ಛಗೊಳಿಸುವ ಸಣ್ಣ ಆಪರೇಷನ್) ನಿಮ್ಮ ಪಾಲಿಸಿಯ ಡೇ ಕೇರ್ ಪಟ್ಟಿಯಲ್ಲಿದೆಯೇ ನೋಡಿ. ಇಲ್ಲದಿದ್ದರೆ 24 ತಾಸಿನ ಭರ್ತಿ ಕೇಳುತ್ತಾರೆ.

ಗರ್ಭಕೋಶದ ಗಡ್ಡೆ ಬೇರೆ ಸಾಲು

ಫೈಬ್ರಾಯ್ಡ್, ಎಂಡೊಮೆಟ್ರಿಯೋಸಿಸ್, ಗರ್ಭಕೋಶ ತೆಗೆಸುವುದು, ಇವು ಮ್ಯಾಟರ್ನಿಟಿ ಅಲ್ಲ. ಮಾಮೂಲಿ ಪಾಲಿಸಿಯಲ್ಲೇ ಬರುತ್ತವೆ, ಆದರೆ ಹೆಚ್ಚಾಗಿ 24 ತಿಂಗಳು ಕಾಯಬೇಕು. ಮೊದಲಿನಿಂದ ಇದ್ದ ಕಾಯಿಲೆಗೆ 2024ರ ನಿಯಮದ ಪ್ರಕಾರ ಕಾಯಿಸುವ ಗರಿಷ್ಠ ಅವಧಿ 36 ತಿಂಗಳು. ಅರ್ಜಿ ತುಂಬುವಾಗ ಮುಟ್ಟಿನ ತೊಂದರೆ, ಹಿಂದಿನ ಸ್ಕ್ಯಾನ್ ಮುಚ್ಚಿಡಬೇಡಿ.

ಕಾರ್ಡ್ ಇದೆ ಎಂಬ ಒಂದೇ ಕಾರಣಕ್ಕೆ ಗರ್ಭಕೋಶ ತೆಗೆಸಬೇಡಿ. ರಾಣೆಬೆನ್ನೂರು ಕಡೆಯ ಹೆಣ್ಣುಮಕ್ಕಳು ಅನವಶ್ಯಕವಾಗಿ ಗರ್ಭಕೋಶ ತೆಗೆದರೆಂದು ವರ್ಷಗಟ್ಟಲೆ ಬೀದಿಗಿಳಿದು ಹೋರಾಡಿದ್ದನ್ನು ಈ ಭಾಗದ ಯಾರೂ ಮರೆತಿಲ್ಲ. ಇನ್ನೊಬ್ಬ ಡಾಕ್ಟರ ಹತ್ತಿರ ತೋರಿಸಿ, ಆಮೇಲೆ ಸಹಿ ಮಾಡಿ.

ಸರ್ಕಾರಿ ವ್ಯವಸ್ಥೆಯಲ್ಲಿ ಮಕ್ಕಳಾಗದ ಆಪರೇಷನ್ ಮಾಡಿಸಿಕೊಂಡೂ ಬಸಿರಾದವರಿಗೆ ಕುಟುಂಬ ಯೋಜನೆ ನಷ್ಟಪರಿಹಾರ ಯೋಜನೆ ಎಂಬುದೊಂದಿದೆ. ಆಪರೇಷನ್ ವಿಫಲವಾದರೆ 60,000 ರೂಪಾಯಿ. ವಿಷಯ ತಿಳಿದ 90 ದಿನದೊಳಗೆ, ಆಪರೇಷನ್ ಸರ್ಟಿಫಿಕೇಟು ಮತ್ತು ಸ್ಕ್ಯಾನಿನೊಂದಿಗೆ, ಆಪರೇಷನ್ ಆದ ಆಸ್ಪತ್ರೆಯ ಮೂಲಕ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಅರ್ಜಿ ಹೋಗಬೇಕು. ಟ್ರಂಕಿನ ತಳದಲ್ಲಿರುವ ಆ ಸರ್ಟಿಫಿಕೇಟನ್ನು ಹುಡುಕಿಡಿ.

ಭರ್ತಿಯಾಗುವ ಮೊದಲು: ಗೋಡೆ ನೋಡಿ, ವಾರ ಎಣಿಸಿ

ಪಾಲಿಸಿಯ ಮಾತಿನಲ್ಲಿ ‘ಕಾನೂನುಬದ್ಧ’ ಎಂಬ ಶಬ್ದ ಇದೆಯಲ್ಲ, ಅದರ ಭಾರವೆಲ್ಲ ಇಲ್ಲಿದೆ. ಖಾಸಗಿ ಆಸ್ಪತ್ರೆಗೆ ಗರ್ಭಪಾತ ಮಾಡಲು ಜಿಲ್ಲಾ ಸಮಿತಿಯ ಒಪ್ಪಿಗೆ ಇರಬೇಕು. ಆ ಪ್ರಮಾಣಪತ್ರಕ್ಕೆ ಫಾರ್ಮ್ ಬಿ ಎನ್ನುತ್ತಾರೆ, ಎಲ್ಲರಿಗೂ ಕಾಣುವಂತೆ ಹಾಕಿರಬೇಕು. ದೇವರ ಫೋಟೋ, ಡಿಗ್ರಿ ಸರ್ಟಿಫಿಕೇಟುಗಳ ನಡುವೆ ಅದೂ ಇದೆಯೇ ನೋಡಿ. ಕಾಣದಿದ್ದರೆ ಕೇಳಿ. ಔಷಧಿ ಅಂಗಡಿಯಲ್ಲಿ ಚೀಟಿ ಇಲ್ಲದೆ ಮಾತ್ರೆ ಕೊಂಡು ನುಂಗಿ, ರಕ್ತ ನಿಲ್ಲದೆ ಬಂದವರ ಹತ್ತಿರ ತೋರಿಸಲು ಒಂದು ಕಾಗದವೂ ಇರುವುದಿಲ್ಲ. ಅಂಥವರಿಗೂ ಹೇಳುವುದು ಇಷ್ಟೇ: ಡಾಕ್ಟರ ಮುಂದೆ ನುಂಗಿದ್ದನ್ನು ನುಂಗಿದೆ ಎಂದೇ ಹೇಳಿ. ಕ್ಲೇಮಿನ ಮಾತು ಆಮೇಲೆ.

ವಾರವನ್ನು ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುತ್ತಾರೆ. 1971ರ ಗರ್ಭಪಾತ ಕಾಯ್ದೆಗೆ 2021ರಲ್ಲಿ ಆದ ತಿದ್ದುಪಡಿಯ ಪ್ರಕಾರ 20 ವಾರದವರೆಗೆ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು. 20ರಿಂದ 24ರವರೆಗೆ ಇಬ್ಬರದು ಬೇಕು, ಅದೂ ಅತ್ಯಾಚಾರಕ್ಕೊಳಗಾದವರು, ಅಪ್ರಾಪ್ತರು, ಬಸಿರಿದ್ದಾಗ ವಿಧವೆಯಾದವರು ಅಥವಾ ವಿಚ್ಛೇದನವಾದವರು, ಅಂಗವಿಕಲರು, ಭ್ರೂಣದಲ್ಲಿ ದೋಷವಿರುವವರು ಮುಂತಾದವರಿಗೆ. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್ ಇದರೊಳಗೆ ಮದುವೆಯಾಗದ ಹೆಣ್ಣುಮಕ್ಕಳನ್ನೂ ಸೇರಿಸಿತು. 24 ದಾಟಿದ ಮೇಲೆ ಭ್ರೂಣದ ಗಂಭೀರ ದೋಷಕ್ಕೆ, ಮೆಡಿಕಲ್ ಬೋರ್ಡ್ ಒಪ್ಪಿದರೆ; ತಾಯಿಯ ಜೀವ ಉಳಿಸಲು ತಕ್ಷಣ ಮಾಡಲೇಬೇಕಾದರೆ ಮಾತ್ರ ಈ ವಾರದ ಮಿತಿ ಅಡ್ಡ ಬರುವುದಿಲ್ಲ.

ಸಹಿ ಯಾರದು? 18 ತುಂಬಿದವಳದೇ. ಗಂಡನದು, ಅತ್ತೆಯದು, ಅಪ್ಪನದು ಕಾನೂನಿಗೆ ಬೇಡ. “ಮನಿಯವ್ರನ್ನ ಕರ್ಕೊಂಡು ಬರ್ರಿ” ಅಂದವರಿಗೆ ಒಪ್ಪಿಗೆಯ ಕಾಗದವಾದ ಫಾರ್ಮ್ ಸಿ ಯಾರ ಒಪ್ಪಿಗೆ ಕೇಳುತ್ತದೆ ಎಂದು ತೋರಿಸಿ. ಅದರಲ್ಲಿ ಗಂಡನ ಸಹಿಗೆ ಜಾಗವೇ ಇಲ್ಲ; ಪೋಷಕರ ಸಹಿಯ ಜಾಗ ಇರುವುದು ಅಪ್ರಾಪ್ತರಿಗೆ, ಮಾನಸಿಕ ಕಾಯಿಲೆ ಇದ್ದವರಿಗೆ ಮಾತ್ರ.

ಎಸ್‌ಎಮ್‌ಎಸ್ ಯಾರ ಮೊಬೈಲಿಗೆ ಹೋಗುತ್ತದೆ?

ಈ ಹೆಜ್ಜೆಯನ್ನು ಯಾರೂ ಹೇಳಿಕೊಡುವುದಿಲ್ಲ. ಗುಟ್ಟು ಬಿಟ್ಟುಕೊಟ್ಟ ಡಾಕ್ಟರಿಗೆ ಕಾಯ್ದೆಯಲ್ಲಿ ಒಂದು ವರ್ಷದವರೆಗೆ ಜೈಲಿದೆ. ಆದರೆ ಇನ್ಶೂರನ್ಸಿನ ದಾರಿ ಬೇರೆ. ನಾನು ಇಲ್ಲಿ ನಗದುರಹಿತ ಅರ್ಜಿ ಕಳಿಸಿದ ಕೆಲವೇ ನಿಮಿಷಕ್ಕೆ ಪಾಲಿಸಿ ಯಾರ ಹೆಸರಿನಲ್ಲಿದೆಯೋ ಅವರ ಮೊಬೈಲು ‘ಟಿಂಗ್’ ಅನ್ನುತ್ತದೆ: ಇಂಥವರು, ಇಂಥ ಆಸ್ಪತ್ರೆ, ಇಷ್ಟು ಹಣ. ನಮ್ಮ ಮನೆಗಳಲ್ಲಿ ಪಾಲಿಸಿ ಸಾಮಾನ್ಯವಾಗಿ ಗಂಡನ ಅಥವಾ ಅಪ್ಪನ ಹೆಸರಿನಲ್ಲಿರುತ್ತದೆ. ಗ್ರೂಪ್ ಪಾಲಿಸಿಯಾದರೆ ಗಂಡನ ಕಂಪನಿಯ ಆ್ಯಪಿನಲ್ಲಿ ಕ್ಲೇಮಿನ ಪಟ್ಟಿ ಕಾಣುತ್ತದೆ.

ಒಮ್ಮೆ ಒಬ್ಬಾಕೆ ಕಾರ್ಡ್ ಕೊಟ್ಟು, ನಾನು ಕಂಪ್ಯೂಟರಿನಲ್ಲಿ ನಂಬರು ಹೊಡೆಯುವುದನ್ನು ನೋಡುತ್ತಾ, ತಟ್ಟನೆ “ಅಕ್ಕಾರ, ಇದು ಅವ್ರಿಗೆ ಗೊತ್ತಾಗ್ತದೇನು?” ಅಂದಳು. ಗೊತ್ತಾಗುತ್ತದೆ ಅಂದೆ. ಕಾರ್ಡ್ ವಾಪಸು ತೆಗೆದುಕೊಂಡು ಸೆರಗಿನೊಳಗೆ ಇಟ್ಟುಕೊಂಡಳು. ಯಾಕೆ ಎಂದು ನಾನು ಕೇಳಲಿಲ್ಲ. ಸರ್ಕಾರಿ ಆಸ್ಪತ್ರೆಯ ಹೆಸರು ಒಂದು ಚೀಟಿಯಲ್ಲಿ ಬರೆದುಕೊಟ್ಟೆ.

ನಿಮಗೂ ಹಾಗೆ ಗುಟ್ಟು ಬೇಕಿದ್ದರೆ ಕ್ಲೇಮ್ ಹಾಕಬೇಡಿ. ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಥವಾ ಕೈಯಿಂದ ಕಟ್ಟಿ. ನಾನು ಮೇಲೆ ಹೇಳಿದ ಸಂದರ್ಭ ಇದೇ.

ಕ್ಲೇಮಿನ ಕಾಗದ

ಮೊದಲೇ ದಿನ ಗೊತ್ತಿರುವ ಭರ್ತಿಗೆ 48 ತಾಸು ಮುಂಚೆ, ತುರ್ತಿನದಕ್ಕೆ 24 ತಾಸಿನೊಳಗೆ ತಿಳಿಸುವುದು ರೂಢಿ. 2024ರ ನಿಯಮದಂತೆ ನಗದುರಹಿತ ಅರ್ಜಿಗೆ ಕಂಪನಿ ಒಂದು ತಾಸಿನೊಳಗೆ, ಡಿಸ್ಚಾರ್ಜ್ ಬಿಲ್ಲಿಗೆ ಮೂರು ತಾಸಿನೊಳಗೆ ಉತ್ತರ ಕೊಡಬೇಕು. ಮೂರು ತಾಸು ದಾಟಿ ಬೆಡ್ಡಿನ ಬಾಡಿಗೆ ಬೆಳೆದರೆ ಅದು ಕಂಪನಿಯ ತಲೆಗೆ.

ಡಿಸ್ಚಾರ್ಜ್ ಕಾರ್ಡ್ ಕೈಗೆ ಬಂದ ಕೂಡಲೇ ಓದಿ. ತಾನಾಗಿ ಬಸಿರು ಹೋದರೂ ಡಾಕ್ಟರುಗಳ ಭಾಷೆಯಲ್ಲಿ ಅದು ‘ಅಬಾರ್ಷನ್’ ಆಗಿಯೇ ಇರುತ್ತದೆ: ಮಿಸ್ಡ್ ಅಬಾರ್ಷನ್, ಇನ್‌ಕಂಪ್ಲೀಟ್ ಅಬಾರ್ಷನ್. ಮನೆಯವರು ಅದನ್ನು ಓದಿ “ನೀ ತಗಿಸ್ಕೊಂಡಿಯೇನು” ಎಂದು ಜಗಳ ತೆಗೆದದ್ದೂ ಉಂಟು. ತಾನಾಗಿ ಆದದ್ದು, ಭ್ರೂಣದ ಬಡಿತ ಇರಲಿಲ್ಲ ಎಂದು ಒಂದು ಸಾಲು ಸೇರಿಸಿಕೊಡಲು ಕೇಳಿ. ಬಿದ್ದು ಪೆಟ್ಟಾಗಿ ಬಸಿರು ಹೋಗಿದ್ದರೆ ಆ ಪೆಟ್ಟಿನ ಮಾತು ಕಾರ್ಡಿನಲ್ಲಿ ಬರಲೇಬೇಕು. 18ನೇ ಕೋಡಿನ ಕಿಂಡಿ ತೆರೆಯುವುದು ಅದರಿಂದ.

ಕೆಲಸಕ್ಕೆ ಹೋಗುವವರಿಗೆ ಇನ್ನೊಂದು ಪ್ರತಿ ಬೇಕು. ಗರ್ಭಸ್ರಾವಕ್ಕೂ ಕಾನೂನುಬದ್ಧ ಗರ್ಭಪಾತಕ್ಕೂ ಆರು ವಾರದ ಪಗಾರ ಸಹಿತ ರಜೆ 1961ರ ಮಾತೃತ್ವ ಸೌಲಭ್ಯ ಕಾಯ್ದೆಯಿಂದ ಬಂದ ಹಕ್ಕು, ಈಗ ಅದು ಸಾಮಾಜಿಕ ಭದ್ರತಾ ಸಂಹಿತೆಯಲ್ಲಿದೆ. ಇಎಸ್‌ಐ ಇದ್ದವರಿಗೆ ಆ ಆರು ವಾರದ ಹಣವನ್ನು ಇಎಸ್‌ಐ ಕೊಡುತ್ತದೆ. ಅದಕ್ಕೆ ಹಿಂದಿನ ಎರಡು ವಂತಿಗೆ ಅವಧಿಯಲ್ಲಿ (ಇಎಸ್‌ಐ ಹಣ ಮುರಿಯುವ ಆರಾರು ತಿಂಗಳ ಲೆಕ್ಕ) 70 ದಿನದ ವಂತಿಗೆ ತುಂಬಿರಬೇಕು. ಹೆರಿಗೆಗೆ 26 ವಾರ ಎಂದು ಎಲ್ಲರಿಗೂ ಗೊತ್ತು, ಈ ಆರು ವಾರ ಮಾತ್ರ ಯಾರೂ ಕೇಳುವುದಿಲ್ಲ. ನಾಲ್ಕನೇ ದಿನಕ್ಕೆ ಮಷೀನಿನ ಮುಂದೆ ಕೂತಿರುತ್ತಾರೆ.

ಇಲ್ಲ ಅಂದರೆ

ಫೋನಿನಲ್ಲಿ ಹೇಳಿದ ‘ಇಲ್ಲ’ವನ್ನು ಒಪ್ಪಬೇಡಿ. ಯಾವ ಕಲಮಿನಡಿ ತಿರಸ್ಕರಿಸಿದಿರಿ ಎಂದು ಬರಹದಲ್ಲಿ ಕೇಳಿ. ಈಗ ಕಂಪನಿಯ ಒಳಗಿನ ಪರಿಶೀಲನಾ ಸಮಿತಿ ಒಪ್ಪದೆ ಕ್ಲೇಮ್ ತಿರಸ್ಕರಿಸುವಂತಿಲ್ಲ. ಪತ್ರದಲ್ಲಿ 18 ಎಂದಿದ್ದು ನಿಮ್ಮದು ಎಕ್ಟೋಪಿಕ್ ಆಗಿದ್ದರೆ, ಅಥವಾ ಮ್ಯಾಟರ್ನಿಟಿ ಕವರ್ ಇದ್ದೂ ಗರ್ಭಪಾತಕ್ಕೆ ಇಲ್ಲ ಅಂದಿದ್ದರೆ, ವ್ಯಾಖ್ಯೆಯ ಆ ಸಾಲನ್ನು ಎತ್ತಿ ಬರೆದು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಇಮೇಲ್ ಮಾಡಿ. ಜೊತೆಗೆ ವಿಮಾ ಪ್ರಾಧಿಕಾರದ ಬಿಮಾ ಭರೋಸಾ ಪೋರ್ಟಲಿನಲ್ಲಿ ಅಥವಾ 155255ಕ್ಕೆ ಫೋನ್ ಮಾಡಿ ದೂರು ದಾಖಲಿಸಿ.

ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್ (ವಿಮೆಯ ದೂರು ತೀರ್ಮಾನಿಸುವ ಅಧಿಕಾರಿ) ಬಳಿ ಹೋಗಬಹುದು. ಕಚೇರಿ ಬೆಂಗಳೂರಿನಲ್ಲಿದೆ, ಅರ್ಜಿ ಆನ್‌ಲೈನಿನಲ್ಲೇ ಹಾಕಬಹುದು. ಫೀ ಇಲ್ಲ, ವಕೀಲರಿಗೆ ಅಲ್ಲಿ ಪ್ರವೇಶವಿಲ್ಲ, ನೀವೇ ಮಾತಾಡಬೇಕು. ಅದು ಬೇಡವೆನಿಸಿದರೆ ಧಾರವಾಡ, ಗದಗ, ಹಾವೇರಿ ಮೂರೂ ಕಡೆ ಜಿಲ್ಲಾ ಗ್ರಾಹಕ ಆಯೋಗಗಳಿವೆ. ಒಂದೇ ವಿಷಯಕ್ಕೆ ಎರಡೂ ಕಡೆ ಒಟ್ಟಿಗೆ ನಡೆಸಲು ಬರುವುದಿಲ್ಲ, ಆಯ್ದುಕೊಳ್ಳಿ.

ಅರ್ಜಿಯ ಜೊತೆ ತಿರಸ್ಕಾರದ ಪತ್ರ, ಪೂರ್ತಿ ಪಾಲಿಸಿ, ಡಿಸ್ಚಾರ್ಜ್ ಕಾರ್ಡ್, ಸ್ಕ್ಯಾನ್ ರಿಪೋರ್ಟ್, ಬಿಲ್ಲು ಕಳಿಸಿ. ಎಲ್ಲದರ ಜೆರಾಕ್ಸ್ ಮಾತ್ರ. ಅಸಲು ನಿಮ್ಮ ಹತ್ತಿರವೇ ಇರಲಿ. ಅಸಲು ಬಿಲ್ಲನ್ನು ಕಂಪನಿ ಮೊದಲೇ ಇಸಿದುಕೊಂಡಿದ್ದರೆ ನಮ್ಮಂಥ ಕೌಂಟರಿಗೆ ಬಂದು ಸೀಲು ಹಾಕಿದ ನಕಲು ಕೇಳಿ. ಮಧ್ಯಾಹ್ನ ಎರಡರ ಮೇಲೆ ಬಂದರೆ ರಷ್ ಕಡಿಮೆ ಇರುತ್ತದೆ.